ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ?

ಕೊಡಗಿನಲ್ಲಿ ಯಾರನ್ನಾದರೂ ‘ನಿಮ್ಮ ಊರು ಎಷ್ಟು ದೂರ’ ಎಂದು ಕೇಳಿ ನೋಡಿ. ಕಿಲೋಮೀಟರ್ ಹೇಳುವವರು ಕಡಿಮೆ. ‘ಜೀಪಲ್ಲಾದ್ರೆ ಮುಕ್ಕಾಲು ಗಂಟೆ, ಮಳೆಗಾಲದಲ್ಲಿ ಹೇಳಕ್ಕಾಗಲ್ಲ’ ಎನ್ನುತ್ತಾರೆ. ಆರೋಗ್ಯ ಸೇವೆಯನ್ನು ಅಳೆಯುವವರು ಹಲವು ವರ್ಷ ನಕಾಶೆಯ ಮೇಲೆ ಗೆರೆ ಎಳೆದು, ಕೊನೆಗೆ ಬಂದು ನಿಂತದ್ದೂ ಇದೇ ಮಾತಿಗೆ. ದೂರವನ್ನು ಹೊತ್ತಿನಲ್ಲಿ ಅಳೆಯಬೇಕು. ಅದೂ ಒಂದೇ ಹೊತ್ತಲ್ಲ. ಹಗಲಿನದ್ದು ಬೇರೆ, ರಾತ್ರಿಯದ್ದು ಬೇರೆ, ನಟ್ಟ ಮಳೆಗಾಲದ ಕಕ್ಕಡ ತಿಂಗಳ ಮಳೆಯದ್ದು ಇನ್ನೂ ಬೇರೆ.

2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನವೇ ನಡೆಯಿತು. ಬೇಡಿಕೆ ನ್ಯಾಯವಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಅಂಥ ಆಸ್ಪತ್ರೆ ನಾಳೆ ಬೆಳಿಗ್ಗೆಯೇ ಮಡಿಕೇರಿಯಲ್ಲಿ ಬಾಗಿಲು ತೆರೆದರೂ ಜಿಲ್ಲೆಯ ಅಂಚಿನ ಕುಟ್ಟದಲ್ಲಿ ಹಾಡಿ ಎಂಬ ಬುಡಕಟ್ಟು ಕೇರಿಗಳಲ್ಲಿರುವವರಿಗೆ, ಕರಿಕೆಯವರಿಗೆ, ಸಂಪಾಜೆಯವರಿಗೆ ಎಷ್ಟು ಹೊತ್ತು ಉಳಿಯುತ್ತದೆ? ಕುಟ್ಟದಿಂದ ಮಡಿಕೇರಿ ಸುಮಾರು 80 ಕಿ.ಮೀ.; ವಯನಾಡಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇರುವ ಮಾನಂದವಾಡಿ ಅದರ ಅರ್ಧದಷ್ಟೂ ಇಲ್ಲ. ಕರಿಕೆಯವರಿಗೆ ಹತ್ತಿರವಾಗುವುದು ಕೇರಳದ ಪಾಣತ್ತೂರಿನ ಕಡೆ. ಸಂಪಾಜೆಯವರು ಘಾಟಿ ಹತ್ತುವುದಕ್ಕಿಂತ ಸುಳ್ಯಕ್ಕೆ ಇಳಿಯುವುದು ಸುಲಭ. ವಿರಾಜಪೇಟೆಯವರಿಗೆ ತಿತಿಮತಿ, ಹುಣಸೂರಿನ ಮೇಲೆ ಮೈಸೂರು, ಇಲ್ಲವೇ ಮಾಕುಟ್ಟ ಇಳಿದು ಕಣ್ಣೂರು. ಶನಿವಾರಸಂತೆಯವರ ಮುಖ ಹಾಸನದ ಕಡೆ. ಜಿಲ್ಲೆ ಆಡಳಿತಕ್ಕೆ ಒಂದೇ ಆದರೂ ರೋಗಿಗಳ ದಾರಿ ಆರು ದಿಕ್ಕಿಗೆ ಹರಿಯುತ್ತದೆ, ಥೇಟ್ ನಮ್ಮ ಹೊಳೆಗಳ ಹಾಗೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕೇರಳ ಗಡಿಯ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಈ ಮಾತು ಎಲ್ಲರಿಗೂ ಅರ್ಥವಾಯಿತು.

ಮೊದಲು ಸಂಖ್ಯೆಯ ಒಂದು ಸೂಕ್ಷ್ಮ ನೋಡೋಣ. ಸರ್ಕಾರಿ ಮಾನದಂಡದಲ್ಲಿ ಬಯಲು ಸೀಮೆಗೆ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ 20,000ಕ್ಕೊಂದು. ಉಪಕೇಂದ್ರ ಅಲ್ಲಿ 5,000ಕ್ಕೆ, ಇಲ್ಲಿ 3,000ಕ್ಕೆ. ರಿಯಾಯಿತಿ ಸಿಕ್ಕಿದೆ ಎಂದು ಅನ್ನಿಸುತ್ತದೆ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519, ವಿಸ್ತೀರ್ಣ 4,102 ಚದರ ಕಿ.ಮೀ. ಅಂದರೆ ಚದರ ಕಿಲೋಮೀಟರಿಗೆ 135 ಜನ, ರಾಜ್ಯದಲ್ಲೇ ಅತಿ ಕಡಿಮೆ. ರಾಜ್ಯದ ಸರಾಸರಿ 319. ಈಗ ಭಾಗಿಸಿ. ಸರಾಸರಿ ಸಾಂದ್ರತೆಯ ಬಯಲಿನಲ್ಲಿ 30,000 ಜನ ಸುಮಾರು 94 ಚದರ ಕಿ.ಮೀ.ಯಲ್ಲಿ ಸಿಗುತ್ತಾರೆ. ಕೊಡಗಿನಲ್ಲಿ 20,000 ಜನ ಸಿಗಬೇಕಾದರೆ 148 ಚದರ ಕಿ.ಮೀ. ಬೇಕು. ವೃತ್ತ ಎಂದುಕೊಂಡರೆ ಅಲ್ಲಿ ಅಂಚಿನ ಮನೆ ಕೇಂದ್ರದಿಂದ ಐದೂವರೆ ಕಿ.ಮೀ., ಇಲ್ಲಿ ಸುಮಾರು ಏಳು. ಅದೂ ಹಕ್ಕಿ ಹಾರುವ ದೂರ. ಹೊಳೆ ಸುತ್ತಿ, ಗುಡ್ಡ ಬಳಸಿ ಹೋಗುವ ನಮ್ಮ ರಸ್ತೆಗಳಲ್ಲಿ ಅದು ಹತ್ತು ದಾಟುವುದು ಸಹಜ. ರಿಯಾಯಿತಿ ಕೊಟ್ಟ ಮೇಲೂ ನಾವೇ ಹಿಂದೆ. ತಲೆ ಎಣಿಸಿ ಆಸ್ಪತ್ರೆ ಹಂಚುವ ಪದ್ಧತಿಗೆ ಕಾಫಿ ತೋಟದ ಸೀಮೆ ಹೊಂದುವುದಿಲ್ಲ.

ಈಗ ಹೊತ್ತನ್ನು ಬಿಡಿಸೋಣ. ಬಾಣಂತಿಯರ ಸಾವಿನ ಅಧ್ಯಯನದಲ್ಲಿ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಮೂರು ವಿಳಂಬಗಳ ಲೆಕ್ಕ ಕೊಟ್ಟರು: ಹೊರಡುವ ನಿರ್ಧಾರದ್ದು ಒಂದು, ತಲುಪುವುದು ಎರಡನೆಯದು, ತಲುಪಿದ ಮೇಲೆ ಚಿಕಿತ್ಸೆ ಶುರುವಾಗುವುದು ಮೂರನೆಯದು. ಹೆರಿಗೆಗಷ್ಟೇ ಅಲ್ಲ, ಎಲ್ಲಕ್ಕೂ ಇದು ಹೊಂದುತ್ತದೆ. ನಮ್ಮ ಕಡೆಗೆ ಎರಡನೆಯದನ್ನು ಮತ್ತೆ ಮೂರು ಮಾಡಬೇಕು. ಮನೆಯಿಂದ ವಾಹನ ಬರುವ ಜಾಗಕ್ಕೆ ನಡಿಗೆ, ವಾಹನಕ್ಕೆ ಕಾಯುವುದು, ಆಮೇಲೆ ರಸ್ತೆ. ರಸ್ತೆಯ ಹೊತ್ತು ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ. ಮೊಬೈಲ್ ನಕಾಶೆ ತೋರಿಸುವುದೂ ಅದನ್ನೇ: ಕಾರು ಬಾಗಿಲಲ್ಲಿ ಸಿದ್ಧವಾಗಿ ನಿಂತಿದೆ, ರೋಗಿ ಒಳಗೆ ಕೂತಾಗಿದೆ ಎಂದುಕೊಂಡು ಅದು ಲೆಕ್ಕ ಶುರು ಮಾಡುತ್ತದೆ. 2020ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕವೊಂದು, ಮೋಟಾರು ವಾಹನ ಇದ್ದರೂ ಒಂದು ಗಂಟೆಯೊಳಗೆ ಆಸ್ಪತ್ರೆಯನ್ನೋ ಕ್ಲಿನಿಕ್ಕನ್ನೋ ತಲುಪಲಾಗದವರು ಲೋಕದ ಜನಸಂಖ್ಯೆಯ 8.9 ಶೇಕಡಾ ಎಂದಿತು. ನಡೆದೇ ಹೋಗಬೇಕಾದರೆ 43.3 ಶೇಕಡಾ. ಈ ಎರಡು ಅಂಕಿಗಳ ನಡುವಿನ ಕಂದಕದಲ್ಲಿ ನಿಂತಿರುವವರು ತೋಟದ ಕೂಲಿಯವರ ಸಾಲುಮನೆಗಳಾದ ನಮ್ಮ ಲೈನ್‌ಮನೆಯವರು, ಹಾಡಿಯವರು, ಪೈಸಾರಿ ಎಂಬ ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿದವರು.

ನಡಿಗೆಯ ಹೊತ್ತಿಗೂ ಸೂತ್ರವಿದೆ. ಭೂಗೋಳ ತಜ್ಞ ವಾಲ್ಡೊ ಟೋಬ್ಲರ್ 1993ರಲ್ಲಿ ಕೊಟ್ಟ ಸೂತ್ರದಂತೆ ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿ.ಮೀ. ನಡೆಯುವ ಮನುಷ್ಯ, ನೂರು ಅಡಿಗೆ ಇಪ್ಪತ್ತು ಅಡಿ ಏರುವ ದಾರಿಯಲ್ಲಿ ಎರಡೂವರೆಗೆ ಇಳಿಯುತ್ತಾನೆ. ಇದು ಆರೋಗ್ಯವಂತನ ನಡಿಗೆ. ನೋವು ಬಂದ ಬಸುರಿಯನ್ನು, ಎದೆ ಹಿಡಿದುಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ತೋಟದ ಓಣಿ ಹತ್ತುವಾಗ ಅದರ ಅರ್ಧ ವೇಗವೂ ಬರುವುದಿಲ್ಲ. ಅಂದಹಾಗೆ, ಎದೆನೋವಿನವರನ್ನು ‘ಸ್ವಲ್ಪ ದೂರ, ನಡೆದುಬಿಡಿ’ ಎಂದು ಹತ್ತಿಸಲೇಬಾರದು. ರಸ್ತೆಯ ತನಕ ಹೊತ್ತುಕೊಂಡು ಹೋಗುವ ಸಮಯ ಉಳಿಸಲು ಹೋಗಿ ಹೃದಯದ ಕೆಲಸವನ್ನೇ ಹೆಚ್ಚಿಸಿದ ಹಾಗಾಗುತ್ತದೆ.

ರಾತ್ರಿಯ ವಿಷಯ ಬೇರೆ. ಆನೆ ತೋಟಕ್ಕೆ ಇಳಿಯುವುದು ಸಂಜೆ, ಕಾಡಿಗೆ ಹಿಂದಿರುಗುವುದು ಬೆಳಗಾಗುತ್ತ. ತಿತಿಮತಿ, ಬಾಳೆಲೆ, ಸಿದ್ದಾಪುರದ ಕಡೆ ರಾತ್ರಿ ಹತ್ತಕ್ಕೆ ಹೊಟ್ಟೆನೋವು ಶುರುವಾದರೆ ‘ಬೆಳಕು ಹರಿಯಲಿ’ ಎನ್ನುವುದು ಸೋಮಾರಿತನದ ಮಾತಲ್ಲ. ಆಸ್ಪತ್ರೆಯ ಬಾಗಿಲಲ್ಲಿ ‘ಯಾಕೆ ಇಷ್ಟು ತಡ ಮಾಡಿ ಬಂದಿರಿ’ ಎಂದು ಗದರುವ ಮೊದಲು ಆ ರಾತ್ರಿಯ ಹೊತ್ತು ಎಲ್ಲಿ ಹೋಯಿತು ಎಂದು ಕೇಳುವುದು ಒಳ್ಳೆಯದು. ಇನ್ನೊಂದು ಭಯದ ಬಗ್ಗೆ ಯಾರೂ ಬರೆಯುವುದಿಲ್ಲ. ಆಂಬುಲೆನ್ಸ್ ಕರೆದುಕೊಂಡು ಹೋಗುತ್ತದೆ, ಸರಿ. ವಾಪಸ್ ಬರುವುದು ಹೇಗೆ? ಕೊನೆಯ ಬಸ್ಸು ಹೋದ ಮೇಲೆ ಜೀಪಿನ ಬಾಡಿಗೆ ಒಂದು ವಾರದ ಕೂಲಿ ನುಂಗಬಹುದು. ಬಾಣಂತಿಯರನ್ನು ಮನೆಗೆ ಬಿಡುವ ‘ನಗು-ಮಗು’ ವಾಹನದ ಏರ್ಪಾಡು ಇದೇ ಭಯಕ್ಕೆ ಕೊಟ್ಟ ಉತ್ತರ. ಉಳಿದ ರೋಗಿಗಳಿಗೆ ಅಂಥದ್ದೊಂದು ಇಲ್ಲದಿರುವುದು ಹೊರಡುವ ನಿರ್ಧಾರವನ್ನೇ ತಡ ಮಾಡಿಸುತ್ತದೆ.

108ರ ಲೆಕ್ಕಕ್ಕೆ ಬರೋಣ. ಆರೋಗ್ಯ ಕವಚ ಎಂಬ ಈ ಆಂಬುಲೆನ್ಸ್ ಸೇವೆ ಶುರುವಾದದ್ದು 2008ರ ನವೆಂಬರ್‌ನಲ್ಲಿ. ಆಂಬುಲೆನ್ಸ್‌ಗೆ ದಾರಿ ಯಾವಾಗಲೂ ಎರಡು ಸಲ ಎಂಬುದನ್ನು ಜನ ಮರೆಯುತ್ತಾರೆ: ಒಮ್ಮೆ ಖಾಲಿ, ಒಮ್ಮೆ ರೋಗಿಯೊಂದಿಗೆ. ವಾಹನ ನಿಲ್ಲುವ ಜಾಗದಿಂದ ಮನೆ 30 ಕಿ.ಮೀ. ಒಳಗಿದೆ, ತೋಟದ ರಸ್ತೆಯಲ್ಲಿ ಸರಾಸರಿ ವೇಗ ಗಂಟೆಗೆ 30 ಎಂದಿಟ್ಟುಕೊಳ್ಳಿ. ಬರಲು 60 ನಿಮಿಷ, ರೋಗಿಯನ್ನು ನೋಡಿ ಹತ್ತಿಸಲು 15, ಹಿಂದಿರುಗಲು 60. ಒಟ್ಟು 135 ನಿಮಿಷ. ಈಗ ಇನ್ನೊಂದು ರೀತಿ. ಕರೆ ಮಾಡಿದ ಕೂಡಲೆ ಆಂಬುಲೆನ್ಸ್ ಹೊರಡಲಿ. 15 ನಿಮಿಷದಲ್ಲಿ ತೋಟದ ಜೀಪು ರೋಗಿಯನ್ನು ಹತ್ತಿಸಿಕೊಂಡು ಎದುರು ಹೊರಡಲಿ. ಅಷ್ಟರಲ್ಲಿ ಆಂಬುಲೆನ್ಸ್ ಏಳೂವರೆ ಕಿ.ಮೀ. ಬಂದಿರುತ್ತದೆ. ಉಳಿದ ಇಪ್ಪತ್ತೆರಡೂವರೆ ಕಿ.ಮೀ.ಯನ್ನು ಎರಡೂ ಸೇರಿ ತಿನ್ನುತ್ತವೆ. ಕರೆ ಮಾಡಿ 38ನೇ ನಿಮಿಷಕ್ಕೆ ಭೇಟಿ, 5 ನಿಮಿಷ ಬದಲಾವಣೆಗೆ, ಒಟ್ಟು 80 ನಿಮಿಷಕ್ಕೆ ಆಸ್ಪತ್ರೆ. 55 ನಿಮಿಷ ಉಳಿಯಿತು, ಒಂದು ಮೀಟರ್ ರಸ್ತೆಯನ್ನೂ ಅಗಲ ಮಾಡದೆ. ಆಮ್ಲಜನಕ ಸಿಗುವುದೂ 60ನೇ ನಿಮಿಷದ ಬದಲು 38ಕ್ಕೆ.

ಇದು ಕೆಡುವುದು ಎಲ್ಲಿ? ಎರಡು ದಾರಿಗಳಿದ್ದು ಎರಡೂ ವಾಹನ ಬೇರೆ ಬೇರೆ ಹಿಡಿದರೆ. ಆದ್ದರಿಂದ ಭೇಟಿಯ ಜಾಗ ಮೊದಲೇ ಗೊತ್ತಾಗಿರಬೇಕು. ಪಂಚಾಯಿತಿ ಕಚೇರಿಯೋ, ಸೊಸೈಟಿಯೋ, ಪೆಟ್ರೋಲ್ ಬಂಕೋ, ಯಾವುದಾದರೂ ಸರಿ. ಆದರೆ ಆಂಬುಲೆನ್ಸ್ ತಿರುಗಿಸಲು ಜಾಗ ಇರಬೇಕು, ನೆಟ್‌ವರ್ಕ್ ಸಿಗಬೇಕು, ರಾತ್ರಿ ಒಂದು ದೀಪ ಇರಬೇಕು. ಎಲ್ಲ ರೋಗಿಗಳನ್ನೂ ಜೀಪಿಗೆ ಹಾಕಬಾರದು ಎಂಬುದೂ ನೆನಪಿರಲಿ. ಮರ ಕಪಾತು ಮಾಡುವಾಗ, ಮೆಣಸು ಕೊಯ್ಯುವಾಗ ಬಿದ್ದವರ ಬೆನ್ನುಹುರಿಗೆ ಪೆಟ್ಟಾಗಿರಬಹುದು. ಕೈ ಹಿಡಿದೆಬ್ಬಿಸಿ ಸೀಟಿನಲ್ಲಿ ಕೂರಿಸಿದರೆ ಅರ್ಧ ಆಗಿದ್ದ ಹಾನಿ ಪೂರ್ತಿಯಾಗುತ್ತದೆ. ಅಂಥವರ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಹಿಡಿದು, ಅಲ್ಲಾಡಿಸದೆ, ಬೆನ್ನನ್ನು ನೆಟ್ಟಗೆ ಇಡುವ ಬೋರ್ಡ್ ಇರುವ ಆಂಬುಲೆನ್ಸ್‌ಗೆ ಕಾಯುವುದೇ ಸರಿ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಬಿದ್ದವರಿಗಂತೂ ದಾರಿಯ ಲೆಕ್ಕವೇ ಅನ್ವಯಿಸುವುದಿಲ್ಲ. ಹೃದಯ ನಿಂತರೆ, ಎದೆ ಒತ್ತದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ 7ರಿಂದ 10 ಶೇಕಡಾ ಇಳಿಯುತ್ತದೆ. ಮೊದಲು ವಿದ್ಯುತ್ ಕಡಿಯಬೇಕು, ಆಮೇಲೆ ನಿಮಿಷಕ್ಕೆ 100ರಿಂದ 120 ಸಲ, ಎದೆ ಐದಾರು ಸೆಂಟಿಮೀಟರ್ ತಗ್ಗುವಂತೆ ಒತ್ತಬೇಕು. ಅದನ್ನು ಮಾಡಬೇಕಾದವರು ಪಕ್ಕದ ಮರದಲ್ಲಿ ಮೆಣಸು ಕೊಯ್ಯುತ್ತಿರುವವರೇ. ತೋಟಕ್ಕೊಬ್ಬರಾದರೂ ಇದನ್ನು ಕಲಿತಿರಬೇಕು.

ಇನ್ನು ರೋಗದಿಂದ ರೋಗಕ್ಕೆ ದಾರಿಯ ನಿಯಮವೇ ಬದಲಾಗುತ್ತದೆ. ನಮ್ಮಲ್ಲಿ ಹೆಚ್ಚು ಹಾನಿ ಮಾಡುವ ಮಾತು ‘ಇಲ್ಲಿ ಯಾಕೆ ಹೊತ್ತು ಕಳೆಯೋದು, ಮೈಸೂರಿಗೇ ಹೋಗಿಬಿಡೋಣ’ ಎಂಬುದು.

ಹೃದಯಾಘಾತವನ್ನೇ ತೆಗೆದುಕೊಳ್ಳಿ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತದಲ್ಲಿ ಒಳ್ಳೆಯ ಚಿಕಿತ್ಸೆ ಆ ನಾಳವನ್ನು ಒಳಗಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿ, ಅದು ಇಸಿಜಿಯಲ್ಲಿ ರೋಗ ಪತ್ತೆಯಾದ 120 ನಿಮಿಷದೊಳಗೆ ಆಗುವಂತಿದ್ದರೆ. ಆಗದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇರುವಲ್ಲೇ ಕೊಡಬೇಕು, ಪತ್ತೆಯಾದ ಹತ್ತು ನಿಮಿಷದೊಳಗೆ ಎಂಬುದು ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಎರಡೂವರೆಯಿಂದ ಮೂರು ಗಂಟೆ. ಅಲ್ಲಿ ಇಳಿದು ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬಿನ ಮೇಜಿಗೆ ಹೋಗಲು ಇನ್ನೊಂದಿಷ್ಟು. ಅಂದರೆ ಮೈಸೂರನ್ನೇ ನಂಬಿದರೆ ಕುಶಾಲನಗರದಿಂದ ಪಶ್ಚಿಮಕ್ಕಿರುವ ಯಾರಿಗೂ 120 ನಿಮಿಷ ದಕ್ಕುವುದಿಲ್ಲ ಎಂದೇ ಇಟ್ಟುಕೊಳ್ಳಬೇಕು. ಹಾಗಿರುವಾಗ ತಾಲ್ಲೂಕು ಆಸ್ಪತ್ರೆಯ ಗೇಟು ದಾಟಿ ಕಾರು ನೇರ ಮೈಸೂರಿಗೆ ಓಡಿಸಿದರೆ ಮೂರು ಗಂಟೆ ಯಾವ ಔಷಧವೂ ಇಲ್ಲದೆ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಹೆಪ್ಪು ಕರಗಿಸುವ ಔಷಧದ ಲಾಭ ಮೊದಲ ಎರಡು-ಮೂರು ಗಂಟೆಯಲ್ಲೇ ಹೆಚ್ಚು. ಟೆನೆಕ್ಟೆಪ್ಲೇಸ್ ಆದರೆ ತೂಕಕ್ಕೆ ತಕ್ಕಂತೆ ಒಂದೇ ಚುಚ್ಚು. ಹಳೆಯ ಸ್ಟ್ರೆಪ್ಟೊಕೈನೇಸ್ ಆದರೆ 15 ಲಕ್ಷ ಯೂನಿಟ್ ಅರ್ಧದಿಂದ ಒಂದು ಗಂಟೆ ಡ್ರಿಪ್ಪಿನಲ್ಲಿ. ಮೊದಲು ಕೇಳಲೇಬೇಕಾದವು: ಮೆದುಳಿನಲ್ಲಿ ಎಂದಾದರೂ ರಕ್ತಸ್ರಾವ ಆಗಿತ್ತೇ, ಆರು ತಿಂಗಳೊಳಗೆ ಲಕ್ವ ಹೊಡೆದಿತ್ತೇ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ತಲೆಗೆ ಪೆಟ್ಟು ಆಗಿತ್ತೇ, ಈಗ ಎಲ್ಲಾದರೂ ರಕ್ತ ಹೋಗುತ್ತಿದೆಯೇ.

ಚುಚ್ಚುಮದ್ದು ಕೊಟ್ಟ ಮೇಲೆ ಕಾಯುತ್ತ ಕೂರುವುದಲ್ಲ, ಕೂಡಲೆ ಹೊರಡಿಸುವುದು. 60ರಿಂದ 90 ನಿಮಿಷಕ್ಕೆ ಇನ್ನೊಂದು ಇಸಿಜಿ ತೆಗೆದು, ಎದ್ದಿದ್ದ ಗೆರೆ ಅರ್ಧಕ್ಕಾದರೂ ಇಳಿದಿದೆಯೇ ನೋಡಬೇಕು. ಇಳಿಯದಿದ್ದರೆ ತಲುಪಿದ ತಕ್ಷಣ ಆಂಜಿಯೋಪ್ಲಾಸ್ಟಿ. ಇಳಿದಿದ್ದರೆ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ. ದಾರಿಯ ಹೊತ್ತು ಹೀಗೆ ಚಿಕಿತ್ಸೆಯ ಹೊತ್ತಾಗುತ್ತದೆ. ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದು ಇದೇ ತತ್ವದ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ಅದನ್ನು ಓದಿ ಹೇಳಲು ಜಯದೇವದಂಥ ದೊಡ್ಡ ಕೇಂದ್ರ, ಟೆನೆಕ್ಟೆಪ್ಲೇಸ್ ಉಚಿತ. ಇದೆಲ್ಲ ಕೆಲಸ ಮಾಡಬೇಕಾದರೆ ರೋಗಿ ಇಸಿಜಿ ಇರುವ ಕಡೆ ಹೋಗಬೇಕು. ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿ ಎರಡು ಗಂಟೆ ಮಲಗಿದರೆ, ರಸ್ತೆಯಲ್ಲಿ ಉಳಿಸಿದ ನಿಮಿಷಗಳಿಗೆ ಬೆಲೆಯೇ ಇರುವುದಿಲ್ಲ.

ಲಕ್ವಕ್ಕೆ ನಿಯಮ ತಿರುಗುಮುರುಗು. ಹೆಪ್ಪು ಕರಗಿಸುವ ಔಷಧಕ್ಕೆ ಸಮಯ ನಾಲ್ಕೂವರೆ ಗಂಟೆ. ಆದರೆ ಸಿ.ಟಿ. ಸ್ಕ್ಯಾನ್ ಮಾಡಿ ಮೆದುಳಿನಲ್ಲಿ ರಕ್ತಸ್ರಾವ ಇಲ್ಲ ಎಂದು ಖಚಿತವಾಗುವ ಮೊದಲು ಅದನ್ನು ಕೊಡುವಂತಿಲ್ಲ. ರಕ್ತಸ್ರಾವದ್ದೇ ಲಕ್ವವಾಗಿದ್ದರೆ ಅದೇ ಔಷಧ ಕೊಲ್ಲುತ್ತದೆ. ಹಾಗಾಗಿ ಸಿ.ಟಿ. ಇಲ್ಲದ ಕಡೆ ನಿಲ್ಲುವುದು ಹೊತ್ತು ಹಾಳು, ಉಸಿರಿಗೆ ತೊಂದರೆ ಇದ್ದರೆ ಮಾತ್ರ ನಿಲ್ಲಬೇಕು. ಬಾಯಿ ಸೊಟ್ಟಗಾದದ್ದು, ಕೈ ಬಿದ್ದದ್ದು, ಮಾತು ತೊದಲಿದ್ದು ಕಂಡ ಗಂಟೆಯನ್ನು ಬರೆದಿಡಿ. ಮಲಗಿ ಎದ್ದಾಗ ಕಂಡರೆ, ಕೊನೆಯ ಸಲ ಸರಿಯಾಗಿದ್ದುದು ಯಾವಾಗ ಎಂಬುದೇ ಲೆಕ್ಕಕ್ಕೆ. ಹೊರಟ ಕೂಡಲೆ ಅಲ್ಲಿಗೆ ಫೋನ್ ಮಾಡಿದರೆ ಸ್ಕ್ಯಾನ್ ಕೋಣೆ ಸಿದ್ಧ ಇರುತ್ತದೆ. ಅರ್ಧ ಗಂಟೆ ಉಳಿಸುವ ಒಂದು ಕರೆ ಅದು.

ಹಾವು ಕಡಿತಕ್ಕೆ ಮತ್ತೆ ಹತ್ತಿರದ ಆಸ್ಪತ್ರೆಯೇ ಸರಿ, ಆದರೆ ಅದಕ್ಕೊಂದು ಗಂಟಿದೆ. ಪ್ರತಿವಿಷ ಹತ್ತಿರದಲ್ಲೇ ಸಿಗಬೇಕು. ವಿಷದ ಲಕ್ಷಣ ಕಂಡರೆ ಮೊದಲ ಪ್ರಮಾಣ 8ರಿಂದ 10 ವಯಲ್ (ಔಷಧದ ಸೀಸೆ). ರಕ್ತ ಹರಿಯದಂತೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕಡಿದ ಕೈಕಾಲನ್ನು ಮುರಿದ ಮೂಳೆಯ ಹಾಗೆ ಅಲ್ಲಾಡದಂತೆ ಕಟ್ಟಿ ಹೊರಡಿ. ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಗೆ ಯಂತ್ರ ಬೇಡ: ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ, 20 ನಿಮಿಷ ಮುಟ್ಟದೆ ಇಟ್ಟು ಬಾಗಿಸಿ ನೋಡುವುದು. ಹೆಪ್ಪುಗಟ್ಟದಿದ್ದರೆ ಮಂಡಲದ ಜಾತಿಯ ವಿಷ ರಕ್ತಕ್ಕೆ ಹೋಗಿದೆ. ಪ್ಲಾಸ್ಟಿಕ್ ನಳಿಕೆಯಲ್ಲಾಗಲಿ ಸೋಪಿನಲ್ಲಿ ತೊಳೆದದ್ದರಲ್ಲಾಗಲಿ ಮಾಡಿದರೆ ಫಲಿತಾಂಶ ಸುಳ್ಳು ಹೇಳುತ್ತದೆ. ಇನ್ನು ಗಂಟು. ನಮ್ಮ ದೇಶದ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ, ಏಲಕ್ಕಿ ಬುಡದಲ್ಲಿ ಇರುವ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಅವುಗಳಲ್ಲಿ ಮೂಗು ಮೇಲೆದ್ದ ಸಣ್ಣ ಜಾತಿಯೊಂದು ಕಿಡ್ನಿಯನ್ನೇ ಕೆಡಿಸಬಲ್ಲದು. ಅಂಥವರಿಗೆ ಪ್ರತಿವಿಷ ಮತ್ತೆ ಮತ್ತೆ ಏರಿಸುತ್ತ ದಿನ ಕಳೆಯುವುದಕ್ಕಿಂತ ಮೂತ್ರದ ಪ್ರಮಾಣ ನೋಡುತ್ತ ಡಯಾಲಿಸಿಸ್ ಇರುವ ಕಡೆಗೆ ಬೇಗ ಕಳಿಸುವುದು ಮುಖ್ಯ. ನಾಗರ, ಕಟ್ಟುಹಾವು ಕಡಿದು ರೆಪ್ಪೆ ಜೋಲುತ್ತಿದ್ದರೆ, ಉಸಿರು ಕೊಡುವ ಚೀಲ ಮತ್ತು ಅದನ್ನು ಒತ್ತಬಲ್ಲವರು ಜತೆಗಿಲ್ಲದೆ ವಾಹನ ಹೊರಡಲೇಬಾರದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯ ವರದಿಯ ಪಟ್ಟಿಗೆ ಸೇರಿಸಿತು. ಯಾವ ಊರಿನವರು ಎಷ್ಟು ಹೊತ್ತಿಗೆ ಬಂದರು ಎಂಬುದನ್ನೂ ಬರೆದಿಟ್ಟರೆ ಪ್ರತಿವಿಷ ಎಲ್ಲೆಲ್ಲಿ ಇಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಹೆರಿಗೆಯ ವಿಷಯದಲ್ಲಿ ಮಾತ್ರ ನಮಗೆ ಮುಂಚಿತವಾಗಿ ತಿಳಿಯುವ ಭಾಗ್ಯವಿದೆ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲದಿದ್ದರೆ ತಾಯಿಯ ಜೀವಕ್ಕೆ ಸಿಗುವ ಹೊತ್ತು ಸರಾಸರಿ ಎರಡು ಗಂಟೆ. ಶಸ್ತ್ರಚಿಕಿತ್ಸೆ ಸೌಲಭ್ಯದ ಬಗ್ಗೆ 2015ರಲ್ಲಿ ವರದಿ ಕೊಟ್ಟ, ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೂ ಸಿಸೇರಿಯನ್, ಹೊಟ್ಟೆಯ ಶಸ್ತ್ರಚಿಕಿತ್ಸೆ, ಚರ್ಮ ಹರಿದ ಮೂಳೆ ಮುರಿತಕ್ಕೆ ಎರಡು ಗಂಟೆಯ ಗೆರೆಯನ್ನೇ ಹಾಕಿತು. ಕೊನೆಯ ಮುಟ್ಟು ಅಕ್ಟೋಬರ್, ನವೆಂಬರ್‌ನಲ್ಲಿ ಆದವರ ದಿನ ತುಂಬುವುದು ಜುಲೈ, ಆಗಸ್ಟ್‌ನಲ್ಲಿ. ಮಳೆ ಬಡಿಯುವ, ಬರೆ ಕುಸಿಯುವ, ಮರ ಉರುಳುವ ತಿಂಗಳು. ಆದ್ದರಿಂದ ಡಿಸೆಂಬರ್ ಕೊನೆಗೆ ಆಶಾ ಕಾರ್ಯಕರ್ತೆಯ ಕೈಯಲ್ಲಿ, ತಾಯಿ ಕಾರ್ಡ್ ನೋಡಿ ಮಾಡಿದ ಒಂದು ಪಟ್ಟಿ ಇರಬಹುದು: ಮಳೆಗಾಲದಲ್ಲಿ ಹೆರುವವರು, ಅವರಲ್ಲಿ ಹೊಳೆಯಾಚೆ ಇರುವವರು ಯಾರು, ಹಿಂದೆ ಸಿಸೇರಿಯನ್ ಆದವರು ಯಾರು, ರಕ್ತ ಕಡಿಮೆ ಇರುವವರು ಯಾರು. ಹೆರಿಗೆಯ ದಿನಕ್ಕೆ ವಾರ-ಹತ್ತು ದಿನ ಮೊದಲೇ ಅವರು ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೋ ಆಸ್ಪತ್ರೆಗೋ ಬಂದು ಉಳಿದರೆ ಆಂಬುಲೆನ್ಸಿನ ಪ್ರಶ್ನೆಯೇ ಏಳುವುದಿಲ್ಲ. ರಕ್ತ ಕಡಿಮೆ ಇರುವವರಿಗೆ ಕಬ್ಬಿಣದ ಅಂಶ ತುಂಬಲು ಆರು ತಿಂಗಳು ಸಿಗುತ್ತದೆ ಎಂಬುದು ಇದರ ಇನ್ನೊಂದು ಲಾಭ: ರಕ್ತ ತುಂಬಿರುವ ತಾಯಿ ಅದೇ ರಕ್ತಸ್ರಾವವನ್ನು ಹೆಚ್ಚು ಹೊತ್ತು ತಾಳುತ್ತಾಳೆ. ಆಕೆಯ ಮೈಯೊಳಗೇ ನಾವು ರಸ್ತೆ ಹತ್ತಿರ ಮಾಡಿದಂತೆ. ದಾರಿಯಲ್ಲೇ ಹೆರಿಗೆಯಾದರೆ ಗರ್ಭಕೋಶ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ವಾಹನದ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಬಿಸಿಲು ಕಂಡ ಆಂಪೂಲು ಇದ್ದೂ ಇಲ್ಲದಂತೆ. ರಕ್ತಸ್ರಾವ ಶುರುವಾದರೆ ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹೆರಿಗೆಯಾದ ಮೂರು ಗಂಟೆಯೊಳಗೆ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ಆಮ್ಲಜನಕದ ಲೆಕ್ಕ ತಪ್ಪುವುದು ಸಾಮಾನ್ಯ. ಆಂಬುಲೆನ್ಸಿನ ಸಣ್ಣ ಬಿ-ಟೈಪ್ ಸಿಲಿಂಡರ್ ತುಂಬಿದಾಗ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ, 15 ಬಿಟ್ಟರೆ 100 ನಿಮಿಷ. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಮೂರನೇ ಎರಡು ಭಾಗದಲ್ಲಿದ್ದರೆ 15 ಲೀಟರಿಗೆ ಒಂದು ಗಂಟೆ ಆರು ನಿಮಿಷ ಮಾತ್ರ. ಸಿಲಿಂಡರ್ ಖಾಲಿಯಾಗುವುದು ನಡುದಾರಿಯಲ್ಲಿ, ಮೈಸೂರಿನ ಗೇಟಿನಲ್ಲಲ್ಲ. ಮೂರು ಗಂಟೆಯ ದಾರಿಗೆ 10 ಲೀಟರಿನಂತೆ 1,800 ಲೀಟರ್, ಜತೆಗೆ ಮರ ಬಿದ್ದು ನಿಲ್ಲಬೇಕಾದ ಹೊತ್ತಿಗೆ ಅದರ ಅರ್ಧ. ಅಂದರೆ ತುಂಬಿದ ಎರಡು ಬಿ-ಟೈಪ್, ಇಲ್ಲವೇ 7,000 ಲೀಟರಿನ ಒಂದು ಡಿ-ಟೈಪ್. ಹೊರಡುವ ಮೊದಲು ಮುಳ್ಳು ನೋಡಿ, ಭಾಗಿಸಿ, ಚೀಟಿಯಲ್ಲಿ ಬರೆದರೆ ಸಾಕು. ಅದೇ ಚೀಟಿಯಲ್ಲಿ ನೋವು ಶುರುವಾದ ಗಂಟೆ, ಕೊಟ್ಟ ಔಷಧ, ಪ್ರಮಾಣ, ಕೊಟ್ಟ ಗಂಟೆ, ಯಾರೊಂದಿಗೆ ಫೋನಿನಲ್ಲಿ ಮಾತಾಡಿದ್ದು ಇಷ್ಟಿರಲಿ. ಬರೀ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದು ಬರೆದು ಕಳಿಸಿದ ರೋಗಿಗೆ ಅಲ್ಲಿ ಎಲ್ಲವೂ ಮೊದಲಿಂದ ಶುರುವಾಗುತ್ತದೆ.

ತುರ್ತು ಅಲ್ಲದ ರೋಗಗಳಲ್ಲಿ ದಾರಿ ಸದ್ದಿಲ್ಲದೆ ಕೊಲ್ಲುತ್ತದೆ. ಅಮೆರಿಕದ ವೈದ್ಯ ಎಡ್ವರ್ಡ್ ಜಾರ್ವಿಸ್ 1850ರ ಸುಮಾರಿಗೇ ಮಾನಸಿಕ ಆಸ್ಪತ್ರೆಗಳ ದಾಖಲೆ ನೋಡಿ, ದೂರ ಹೆಚ್ಚಿದಷ್ಟೂ ಆ ಊರಿನಿಂದ ಬರುವ ರೋಗಿಗಳು ಕಡಿಮೆ ಎಂದು ತೋರಿಸಿದ್ದರು. ದೂರದ ಊರಲ್ಲಿ ರೋಗ ಕಡಿಮೆ ಇತ್ತೆಂದಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಎಂದರೆ ವರ್ಷಕ್ಕೆ 104 ಪಯಣ. ಹೋಗಿಬರಲು ಐದು ಗಂಟೆಯಾದರೆ 520 ಗಂಟೆ, ಅಂದರೆ ಇಪ್ಪತ್ತೊಂದು ದಿನಕ್ಕೂ ಹೆಚ್ಚು ಹಗಲು ರಾತ್ರಿ ಬಸ್ಸಿನಲ್ಲೇ. ಜತೆಗೆ ಬರುವವರ ಕೂಲಿಯೂ ಹೋಯಿತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತರಲು ಒಂದು ದಿನ ಬಿಡುವುದು ಯಾರಿಗೂ ಆಗುವುದಿಲ್ಲ. ಅಂಥವರಿಗೆ 30 ದಿನದ ಬದಲು 90 ದಿನದ ಮಾತ್ರೆ ಕೊಡುವುದರಲ್ಲಿ ಕಷ್ಟವೇನಿದೆ? ನಾಯಿ ಕಚ್ಚಿದವರು, ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯಾದರೆ, 0, 3, 7, 28ನೇ ದಿನ ನಾಲ್ಕು ಸಲ ಬರಬೇಕು. ಮೂರನೆಯದು ತಪ್ಪಿದವರು ‘ಇನ್ನು ಹೋಗಿ ಪ್ರಯೋಜನ ಇಲ್ಲ’ ಎಂದು ಬಿಟ್ಟುಬಿಡುತ್ತಾರೆ. ಹಾಗೇನಿಲ್ಲ, ನಿಂತಲ್ಲಿಂದಲೇ ಮುಂದುವರಿಸಬಹುದು, ಮತ್ತೆ ಮೊದಲಿನಿಂದ ಬೇಕಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ಎಷ್ಟೋ ಜನ ತಡವಾದರೂ ಬರುತ್ತಾರೆ. ಇನ್ನು ರಕ್ತ ಪರೀಕ್ಷೆಯ ವರದಿ ಮಧ್ಯಾಹ್ನ ಎರಡರ ನಂತರ, ಊರಿನ ಬಸ್ಸು ಎರಡಕ್ಕೆ ಎಂದಾದರೆ ಒಂದು ದಿನದ ಕೆಲಸ ಎರಡು ದಿನದ್ದಾಗುತ್ತದೆ. ದೂರದಿಂದ ಬಂದವರ ಚೀಟಿಗೆ ಒಂದು ಗುರುತು ಹಾಕಿ ಅವರ ರಕ್ತ ಮೊದಲು ತೆಗೆದರೆ ಸರಿಹೋಗುವ ವಿಷಯ. ಇದಕ್ಕೆ ಯಾವ ಅನುದಾನವೂ ಬೇಡ.

ಪಂಚಾಯಿತಿಯವರು ಮಾಡಬಹುದಾದ ಕೆಲಸವೊಂದಿದೆ. ಊರಿನ ಹತ್ತು ಜಾಗ ಆರಿಸಿ: ದೂರದ ಹಾಡಿ, ಕೊನೆಯ ಲೈನ್‌ಮನೆ, ಹೊಳೆಯಾಚೆಯ ಮನೆ. ಒಂದೊಂದರಿಂದಲೂ ಇಸಿಜಿ ಇರುವ ಕಡೆಗೆ, ಸಿಸೇರಿಯನ್ ಆಗುವ ಕಡೆಗೆ, ಸಿ.ಟಿ. ಇರುವ ಕಡೆಗೆ ಎಷ್ಟು ಹೊತ್ತು ಎಂದು ಬರೆಯಿರಿ. ನಡಿಗೆ, ಕಾಯುವುದು, ರಸ್ತೆ ಬೇರೆ ಬೇರೆ ಇರಲಿ. ಹಗಲು, ರಾತ್ರಿ, ಮಳೆ ಬೇರೆ ಬೇರೆ ಇರಲಿ. ಮಳೆಯ ಸಾಲಿನಲ್ಲಿ ಯಾವ ಸೇತುವೆ ಮುಳುಗಿದರೆ ಹೊತ್ತು ಎಷ್ಟಾಗುತ್ತದೆ ಎಂಬುದೂ ಬೇಕು. ಬೇತ್ರಿಯಲ್ಲಿ ಕಾವೇರಿ ಏರಿದರೆ ಮಡಿಕೇರಿ-ವಿರಾಜಪೇಟೆ ದಾರಿಗೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಭಾಗಮಂಡಲದಲ್ಲಿ ಮೇಲ್ಸೇತುವೆ ಕಟ್ಟಿದ್ದೂ ಸಂಗಮದ ನೀರಿನ ಕಾಟಕ್ಕೇ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದಾಗ ಸಂಪಾಜೆ ಘಾಟಿಯವರಿಗೆ ಜಿಲ್ಲಾ ಕೇಂದ್ರದ ಹೆದ್ದಾರಿಯೇ ಇಲ್ಲದಂತಾಯಿತು. ಇಂಥ ಪಟ್ಟಿ ಕೈಯಲ್ಲಿದ್ದರೆ, ನೀರು ಏರುವ ಮುನ್ಸೂಚನೆ ಬಂದ ದಿನವೇ ಹೊಳೆಯ ಎರಡೂ ದಡದಲ್ಲಿ ಒಂದೊಂದು ಆಂಬುಲೆನ್ಸ್ ಇಡಿ ಎಂದು ಕೇಳಲು ಆಧಾರ ಸಿಗುತ್ತದೆ.

ತೋಟದ ಗೇಟಿಗೆಲ್ಲ ದೊಡ್ಡ ಅಕ್ಷರದಲ್ಲಿ ಒಂದು ಸಂಖ್ಯೆ ಬರೆಸಿ, ಆ ಸಂಖ್ಯೆಗಳ ಪಟ್ಟಿಯನ್ನು 108ರ ಪೈಲಟ್‌ಗಳಿಗೆ, ಅಂದರೆ ಚಾಲಕರಿಗೆ ಕೊಡಿ. ‘ಮಾವಿನ ಮರದ ಹತ್ತಿರ ಎಡಕ್ಕೆ’ ಎಂಬ ಗುರುತು ರಾತ್ರಿ ಮಂಜಿನಲ್ಲಿ ಯಾರಿಗೂ ಕಾಣುವುದಿಲ್ಲ. ಲೈನ್‌ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ: ಗೇಟಿನ ಸಂಖ್ಯೆ, ಜೀಪು ಓಡಿಸುವ ಇಬ್ಬರ ಫೋನ್ ನಂಬರ್, ಭೇಟಿಯ ಜಾಗ, ತೋಟದಲ್ಲಿ ಎಲ್ಲಿ ನಿಂತರೆ ನೆಟ್‌ವರ್ಕ್ ಸಿಗುತ್ತದೆ. ಜೀಪಿನ ಕೀಲಿ ತೋಟದ ಮೇಲ್ವಿಚಾರಕರಾದ ರೈಟರ ಜೇಬಿನಲ್ಲಿ ಊರಿಗೆ ಹೋಗದೆ ತೋಟದಲ್ಲೇ ಉಳಿಯುವಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದಾಗ ಮೊಬೈಲ್ ಟವರಿನ ಬ್ಯಾಟರಿ ಮುಗಿಯುತ್ತದೆ, ಡೀಸೆಲ್ ತರುವ ರಸ್ತೆಗೂ ಮರ ಬಿದ್ದಿರುತ್ತದೆ, ಆಗ 108ಕ್ಕೆ ಕರೆಯೇ ಹೋಗುವುದಿಲ್ಲ. ಅದಕ್ಕೆ ಹಾಳೆಯ ಕೊನೆಯ ಸಾಲು ಹೀಗಿರಲಿ: ಫೋನ್ ಸತ್ತಿದ್ದರೆ ಕಾಯಬೇಡಿ, ಗರಗಸ, ಕತ್ತಿ, ಹಗ್ಗ ಜೀಪಿಗೆ ಹಾಕಿಕೊಂಡು, ಮರ ಕಡಿಯಬಲ್ಲ ಇಬ್ಬರನ್ನು ಕೂರಿಸಿಕೊಂಡು, ರೋಗಿಯೊಂದಿಗೆ ಭೇಟಿಯ ಜಾಗ ದಾಟಿ ನೇರ ಹತ್ತಿರದ ಆಸ್ಪತ್ರೆಗೆ ಹೊರಡಿ.